ಗಾಜಿನ ಮೇಲೆ ಮೂರು ಬೆರಳು

ಆಗ ನನಗೆ ನಲವತ್ತನಾಲ್ಕು ವರ್ಷ. ಇಪ್ಪತ್ತಾರು ವರ್ಷದ ಹಿಂದಿನ ಮಾತು.

ಮೇಷ್ಟ್ರು ಸತ್ತು ಒಂದು ತಿಂಗಳಾಯಿತು. ಅವರ ಹಳೇ ಶಿಷ್ಯರು ಸೇರಿ ನೆನಪಿನ ಪುಸ್ತಕ ತರುತ್ತಾರಂತೆ. ಅವರಲ್ಲಿ ಒಬ್ಬಳು, ಈಗ ಬೇಲೂರಿನಲ್ಲಿ ಟೀಚರ್ ಆಗಿರುವವಳು, ಗೆಂಡೆಹಳ್ಳಿಗೆ ಬಂದು ನನ್ನ ಮನೆ ಹುಡುಕಿದಳು.

"ಅಜ್ಜಿ, ಒಂಬತ್ತು ವರ್ಷ ಅವರ ಲ್ಯಾಬಲ್ಲಿ ಇದ್ದೋರು ನೀವು. ನಾಲ್ಕು ಸಾಲು ಬರ್ಕೊಡಿ. ಒಳ್ಳೇ ಮಾತು ಬರೀರಿ."

"ಒಳ್ಳೇದು ಇದ್ದಷ್ಟು ಬರೀತೀನಿ, ಕೆಟ್ಟದ್ದೂ ಇದ್ದಷ್ಟು ಬರೀತೀನಿ. ಅಚ್ಚು ಹಾಕ್ಸೋದು ಬಿಡೋದು ನಿಮಗೆ ಸೇರಿದ್ದು ಕಣವ್ವ."

ತಮಾಷೆ ಅಂದುಕೊಂಡು ನಕ್ಕಳು. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತ ತಪ್ಪಿದ್ದರೆ ಅವಳು ತಿದ್ದಲಿ. ಮಾತು ತಿದ್ದುವುದು ಬೇಡ. ಮೊದಲನೇ ಮಾತು ಇದು: ಮೇಷ್ಟ್ರ ಹೆಸರಿನ ಮುಂದೆ ಕೊನೆಯವರೆಗೂ ಡಾಕ್ಟರ್ ಅಂತ ಬರಲಿಲ್ಲ. ಬಾರದ ಹಾಗೆ ಮಾಡಿದವಳು ನಾನು.

ಅವರು ಅರಸೀಕೆರೆಯವರು. ಕೊಬ್ಬರಿ ವ್ಯಾಪಾರದ ಮನೆತನ. ಅಣ್ಣತಮ್ಮಂದಿರು ಮಂಡಿಯಲ್ಲಿ ಕೂತರು. ಇವರು ಭೌತಶಾಸ್ತ್ರ ಓದಿ ಬೇಲೂರಿನ ಒಂದು ಕಾಲೇಜಿಗೆ ಪಾಠ ಮಾಡಲು ಬಂದರು. ಗಿಡ್ಡ ಆಳು, ದಪ್ಪ ಬೆರಳು. ಬೆಳಗ್ಗೆ ಹಣೆಗೆ ಎಳೆದ ವಿಭೂತಿ ಸಂಜೆಯಾದರೂ ಮಾಸುತ್ತಿರಲಿಲ್ಲ. ನಡೆಯುವಾಗ ಹತ್ತು ಹೆಜ್ಜೆ ಬಿರಬಿರನೆ ಇಟ್ಟು ಗಕ್ಕನೆ ನಿಂತುಬಿಡುವರು. ಎದುರಿಗೆ ಗೋಡೆ ಇದ್ದರೆ ಗೋಡೆ ನೋಡುತ್ತ, ಎಮ್ಮೆ ಇದ್ದರೆ ಎಮ್ಮೆ ನೋಡುತ್ತ ನಿಂತಿರುವರು. ಎಮ್ಮೆ ಬೇಜಾರಾಗಿ ಹೋದದ್ದನ್ನೂ ನಾನು ಕಂಡಿದ್ದೇನೆ.

ಸೋಮವಾರ ಊರಿನಿಂದ ಬರುವಾಗ ಚೀಲದಲ್ಲಿ ತೆಂಗಿನಕಾಯಿ ತರುತ್ತಿದ್ದರು. ಯಾರಿಂದ ಏನು ಕೆಲಸ ಮಾಡಿಸಿಕೊಂಡರೂ ಒಂದು ಕಾಯಿ ಕೊಡುವರು. ಕೊಡುವ ಮೊದಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಒಳಗೆ ನೀರು ಗುಳುಗುಳು ಅಂದರೆ ಅದು ತಿರುಗಿ ಚೀಲಕ್ಕೆ. ಸದ್ದಿಲ್ಲದ್ದು ನಮ್ಮ ಕೈಗೆ.

"ಸಾರ್, ಹೋದ ವಾರ ಕೊಟ್ಟಿದ್ದು ಕೊಳ್ತಿತ್ತು" ಅಂದೆ ಒಂದು ಸಲ.

"ಹೌದಾ? ದೇವ್ರಿಗೆ ಒಡೀಲಿಲ್ಲ ತಾನೆ?"

"ಇಲ್ಲ."

"ಹಂಗಾದ್ರೆ ಬಿಡು, ಪಾಪ ಬರಾಕಿಲ್ಲ."

ಆ ಕಾಯಿಯಲ್ಲಿ ಇಡೀ ಮನುಷ್ಯ ಇದ್ದ. ನನಗೆ ಆಗ ತಿಳಿಯಲಿಲ್ಲ.

ಹಾಗಂತ ಪಾಠದಲ್ಲಿ ಅವರನ್ನು ತಳ್ಳಿಹಾಕುವ ಹಾಗಿರಲಿಲ್ಲ. ಯಾವ ಹುಡುಗನಾದರೂ "ಸುಮಾರು ಎರಡಡಿ ಸಾರ್" ಅಂದರೆ ಮುಗಿಯಿತು. "ಅಂದಾಜು ಹೇಳ್ಬೇಡ, ಅಳತೆ ಹೇಳು" ಅಂತ ವಾಪಸ್ ಕಳಿಸುವರು. ದಿನಕ್ಕೆ ಇಪ್ಪತ್ತು ಸಲ ಆ ಮಾತು ಕೇಳುತ್ತಿತ್ತು. ನಾನು ಲ್ಯಾಬು ಗುಡಿಸುವವಳು, ದಿನಗೂಲಿ. ನನ್ನನ್ನೂ ಬಿಡಲಿಲ್ಲ. ಡ್ರಮ್ಮಿನಲ್ಲಿ ನೀರೆಷ್ಟಿದೆ ಅಂದರು. ಅರ್ಧ ಐತೆ ಅಂದೆ. "ಅಂದಾಜು ಹೇಳ್ಬೇಡ ಕಣಮ್ಮ, ಅಳತೆ ಹೇಳು." ಪೊರಕೆಯ ಕಡ್ಡಿಯನ್ನು ಡ್ರಮ್ಮಿಗಿಳಿಸಿ, ಒದ್ದೆಯಾದಷ್ಟು ಮುರಿದು, ಅವರ ಮೇಜಿನ ಮೇಲಿಟ್ಟೆ. ಆ ಕಡ್ಡಿ ನೋಡಿ ಮಗುವಿನ ಹಾಗೆ ನಕ್ಕರು. ಮಾರನೇ ದಿನದಿಂದ ತಮ್ಮ ಬೆಳಕಿನ ಕೆಲಸಕ್ಕೆ ನನ್ನನ್ನು ಹಚ್ಚಿಕೊಂಡರು.

ಅವರ ಬೆಳಕಿನ ಕೆಲಸ ಏನೆಂದು ಹೇಳಬೇಕು. ಲ್ಯಾಬಿನಲ್ಲಿ ಒಂದು ನಳಿಗೆ ಇತ್ತು. ಅದರಿಂದ ಕೆಂಪು ಬೆಳಕು ಬರುತ್ತಿತ್ತು, ಸೂಜಿಯ ಹಾಗೆ ನೆಟ್ಟಗೆ. ವರಾಂಡದ ಆ ತುದಿಗೆ ಹೋದರೂ ಕಡಲೆಕಾಳಿಗಿಂತ ದೊಡ್ಡದಾಗುತ್ತಿರಲಿಲ್ಲ. ಅದರ ಮುಂದೆ ಒಂದು ತರಿ ಗಾಜು, ಅಂದರೆ ಮೈ ಒರಟಾಗುವ ಹಾಗೆ ತಿಕ್ಕಿದ ಗಾಜು, ಇಟ್ಟರೆ ಬೆಳಕಿನ ಶಿಸ್ತು ಅರ್ಧ ಕೆಡುತ್ತಿತ್ತು. ಮೇಷ್ಟ್ರು ಅದಕ್ಕೆ ಅರೆಕೂಡಿದ ಬೆಳಕು ಅನ್ನುತ್ತಿದ್ದರು.

"ಪೂರ್ತಿ ಕೂಡಿರೋದೂ ಅಲ್ಲ, ಪೂರ್ತಿ ಚೆದುರಿರೋದೂ ಅಲ್ಲ. ಅದು ದೂರ ಹೋಯ್ತಾ ಹೋಯ್ತಾ ಏನಾಯ್ತದೆ, ಅದೇ ನನ್ನ ಪುಸ್ತಕ."

ಆ ಪುಸ್ತಕ ಬರೆದು ಒಪ್ಪಿಸಿದರೆ ಡಾಕ್ಟರ್ ಆಗುವುದು. ಮೈಸೂರಿನ ಒಬ್ಬ ಪ್ರೊಫೆಸರ್ ಅದನ್ನು ನೋಡುವವರು. ಎರಡು ಸಲ ಗಡುವು ಮುಂದಕ್ಕೆ ಹಾಕಿಸಿಕೊಂಡಿದ್ದರು. ಮೂರನೇ ಸಲ ಇಲ್ಲ ಅಂತ ಕಾಗದ ಬಂದಿತ್ತು.

ನನ್ನ ಕೆಲಸ ಬೆಳಕಿಗೆ ಗೋಡೆಯಾಗುವುದು. ಹಿಂದಿನ ವರಾಂಡ ನಲವತ್ತು ಹೆಜ್ಜೆ ಉದ್ದ. ಕಿಟಕಿಗೆಲ್ಲ ಗೋಣಿತಾಟು ಕಟ್ಟಿ ಕತ್ತಲು ಮಾಡುತ್ತಿದ್ದೆವು. ಸುಣ್ಣ ಬಳಿದ ಹಲಗೆ ಹಿಡಿದು ನಾನು ಹಿಂದಹಿಂದಕ್ಕೆ ನಡೆಯಬೇಕು, ಅವರು "ನಿಲ್ಲು" ಅಂದಲ್ಲಿ ನಿಲ್ಲಬೇಕು. ಬೆಳಕು ಹಲಗೆಯ ಮೇಲೆ ಬೀಳುವುದು. ಗಾಜು ಅಲ್ಲಾಡದೆ ನಿಂತಿದ್ದರೆ ಅದು ಕಾಳುಕಾಳಾಗಿ ಬೀಳುತ್ತಿತ್ತು. ಹತ್ತಿರದಲ್ಲಿ ಹಿಡಿದರೆ ಕೆಂಪು ರಾಗಿ ಚೆಲ್ಲಿದ ಹಾಗೆ. ಹತ್ತು ಹೆಜ್ಜೆಗೆ ಹೆಸರುಕಾಳು. ವರಾಂಡದ ತುದಿಗೆ ಅವರೆಕಾಳು. ಅದೇ ಗಾಜು, ಅದೇ ಬೆಳಕು, ನಡೆದು ನಡೆದು ಕಾಳು ದಪ್ಪವಾಗುತ್ತಿತ್ತು. ಗಾಜನ್ನು ತಿರುಗಿಸಿದರೆ ಕಾಳೆಲ್ಲ ಕರಗಿ ಅಂಬಲಿಯ ಹಾಗೆ ನುಣ್ಣಗಾಗುವುದು. ಅದಕ್ಕೆ ಹಳೇ ಟೇಪ್ ರೆಕಾರ್ಡರಿನ ಮೋಟಾರು ಹಾಕಿದ್ದರು.

"ಪಕ್ಕಪಕ್ಕದ ಬೆಳಕಿಗೆ ಒಂದೇ ತಾಳ. ದೂರದೂರದ್ದಕ್ಕೆ ತಾಳ ಬ್ಯಾರೆ. ಆದ್ರೆ ಮುಂದಕ್ಕೆ ಹೋದಂಗೆಲ್ಲ ತಾಳ ಕೂಡಿರೋ ಗುಂಪು ದೊಡ್ಡದಾಯ್ತದೆ. ತಿಳೀತಾ?"

"ನಾಟಿ ಹಾಡು ಹಂಗೇ ಅಲ್ವಾ ಸಾರ್" ಅಂದೆ. ನನ್ನ ಗಂಡನ ಊರು ಹಗರೆ. ಗದ್ದೆ ನಾಟಿಗೆ ಎಷ್ಟು ಸಲ ಇಳಿದಿದ್ದೇನೋ. "ಗದ್ದೇಲಿ ನಿಂತ್ರೆ ಈ ತುದಿಯೋಳ್ದು ಒಂದು ಸೊಲ್ಲು, ಆ ತುದಿಯೋಳ್ದು ಇನ್ನೊಂದು. ಟಾರ್ ರೋಡಿಗೆ ಬಂದು ಕೇಳಿ, ಎಲ್ಲಾ ಒಂದೇ ಬಾಯಲ್ಲಿ ಹಾಡ್ದಂಗೆ ಇರ್ತದೆ."

ಮೇಷ್ಟ್ರು ಗಕ್ಕನೆ ನಿಂತರು. ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು. ಮುಂದಿನ ವಾರ ಕ್ಲಾಸಿನಲ್ಲಿ "ನಮ್ಮಜ್ಜಿ ಗದ್ದೆ ನಾಟೀಲಿ ಹೇಳೋರು" ಅಂತ ಶುರು ಮಾಡಿದರು. ನಾನು ಹಿಂದಿನ ಬೆಂಚು ಒರೆಸುತ್ತಿದ್ದೆ. ಕೊಬ್ಬರಿ ಮಂಡಿಯವರ ಅಜ್ಜಿ ಯಾವ ಗದ್ದೆಗೆ ಇಳಿದಿದ್ದಳೋ.

ಹಳೇಬೀಡಿಗೆ ಹುಡುಗರನ್ನು ಕರೆದುಕೊಂಡು ಹೋದಾಗ ಚಿತ್ರಾನ್ನದ ಡಬರಿ ಹೊತ್ತು ನಾನೂ ಹೋಗಿದ್ದೆ. ಗುಡಿ ತೋರಿಸುವವನೊಬ್ಬ ಹೊರಗೆ ಬಿಸಿಲಿನಲ್ಲಿ ಕನ್ನಡಿ ಹಿಡಿದು ಒಳಗಿನ ಕತ್ತಲಿಗೆ ಬೆಳಕು ಬಿಡುತ್ತಿದ್ದ. ಕನ್ನಡಿ ಚೌಕ, ಒಳಗೆ ಬಿದ್ದ ಬೆಳಕು ದುಂಡಗೆ. ಯಾಕೆ ಅಂತ ಮೇಷ್ಟ್ರು ಹುಡುಗರನ್ನು ಕೇಳಿದರು.

"ಕನ್ನಡಿ ಚೌಕ ಆದ್ರೇನು, ಸೂರ್ಯ ದುಂಡಗವ್ನಲ್ವಾ" ಅಂದೆ. "ಹತ್ರ ಇದ್ರೆ ಕನ್ನಡಿ ಗುರುತು, ದೂರ ಹೋದ್ರೆ ಸೂರ್ಯನ ಗುರುತು." ನನ್ನ ತವರು ಅಲ್ಲೇ ಹಳೇಬೀಡಿನ ಮಗ್ಗುಲು. ಚಿಕ್ಕಂದಿನಲ್ಲಿ ತಗಡು ಹಿಡಿದು ಆಡಿದ ಆಟ ಅದು.

"ನೋಡ್ರಯ್ಯ, ಕಸ ಗುಡ್ಸೋಳಿಗೆ ಇರೋ ಬುದ್ಧಿ ನಿಮಗಿಲ್ಲ!" ಅಂದರು. ಹುಡುಗರು ನಕ್ಕರು. ಹೊಗಳಿದ್ದು ನನ್ನನ್ನಲ್ಲ. ಹುಡುಗರನ್ನು ಹೊಡೆಯಲು ಒಂದು ಕೋಲು ಬೇಕಿತ್ತು, ನಾನು ಸಿಕ್ಕಿದೆ.

ತರಿ ಗಾಜು ತಿಕ್ಕಿದವಳೂ ನಾನೇ. ಅಪ್ಪ ಬಳಪದ ಕಲ್ಲಿನಲ್ಲಿ ಆನೆ, ಬಸವ ಕಡೆದು ನೋಡಲು ಬಂದವರಿಗೆ ಮಾರುತ್ತಿದ್ದ. ಕಡೆಯುವುದು ಗಂಡಸರು, ತಿಕ್ಕುವುದು ನಾವು. ಮೊದಲು ದಪ್ಪ ಮರಳು, ಆಮೇಲೆ ಸಣ್ಣದು, ಕೊನೆಗೆ ಬಟ್ಟೆಯಲ್ಲಿ ಸೋಸಿದ್ದು. ಎಲ್ಲಿ ನಿಲ್ಲಿಸಬೇಕು ಅಂತ ಕಣ್ಣು ಹೇಳುವುದಿಲ್ಲ, ಸದ್ದು ಹೇಳುತ್ತದೆ. ಮೇಷ್ಟ್ರು ತರಿಸಿದ್ದ ಪೇಟೆಯ ಗಾಜಿನ ತರಿ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ನಾನು ಹಾಸನದಿಂದ ಸಾಣೆ ಪುಡಿ ತರಿಸಿ, ಅಂಗೈ ಅಗಲದ ಎರಡು ಬಿಲ್ಲೆ ಗಾಜುಗಳನ್ನು ಒಂಬತ್ತು ದಿನ ಕೂತು ತಿಕ್ಕಿದೆ. ಒಂದು ಮೋಟಾರಿಗೆ. ಇನ್ನೊಂದು, ಒಡೆದರೆ ಇರಲಿ ಅಂತ, ಹಳೇ ಸೀರೆಯ ಬಟ್ಟೆಯಲ್ಲಿ ಸುತ್ತಿ ನನ್ನ ಮನೆಯಲ್ಲಿ. ಪುಸ್ತಕದಲ್ಲಿ "ಅಂಗಡಿಯಿಂದ ತರಿಸಿದ ಗಾಜು" ಅಂತ ಬರೆದಿದ್ದಾರೆಂದು ಒಬ್ಬ ಹುಡುಗ ಓದಿ ಹೇಳಿದ.

ಯಾಕೆ ಸುಮ್ಮನಿದ್ದೆ ಅಂದರೆ, ನನ್ನ ಖಾಯಂ ಕಾಗದ ಪ್ರಿನ್ಸಿಪಾಲರ ಮೇಜಿನ ಮೇಲಿತ್ತು. ಒಂಬತ್ತು ವರ್ಷ ಕಾದ ಮೇಲೆ ಒಂದು ಅಟೆಂಡರ್ ಜಾಗ ಬಂದಿತ್ತು. ಮೇಷ್ಟ್ರು ಎರಡು ಸಾಲು ಬರೆದರೆ ನನಗೇ ಆಗುತ್ತಿತ್ತು. ಗಂಡ ಕಾಲು ಮುರಿದುಕೊಂಡು ಮೂಲೆ ಹಿಡಿದಿದ್ದ. ನಾಳೆ ಬಾ ಅನ್ನುತ್ತಾರೋ ಬೇಡ ಅನ್ನುತ್ತಾರೋ ಅನ್ನುವ ದಿಗಿಲಿಲ್ಲದೆ ಒಂದು ದಿನ ಏಳಬೇಕು ಅಂತ ನನಗಿತ್ತು.

"ಪ್ರೊಫೆಸರ್ ಬಂದು ಹೋಗ್ಲಿ ಕಣಮ್ಮ. ನನಗೆ ಡಾಕ್ಟರು, ನಿನಗೆ ಖಾಯಂ. ಒಟ್ಟಿಗೇ ಆಯ್ತದೆ" ಅಂದಿದ್ದರು.

ಪ್ರೊಫೆಸರ್ ಬರುವ ಐದು ದಿನ ಮೊದಲು ಆಯುಧಪೂಜೆ ಬಂತು. ಲ್ಯಾಬಿನ ಸಾಮಾನೆಲ್ಲ ಒರೆಸಿ ಸೇವಂತಿಗೆ ಇಟ್ಟೆ. ಮೇಷ್ಟ್ರು ವಿಭೂತಿ ಗಟ್ಟಿ ನೆನೆಸಿ ನಳಿಗೆಗೆ ಮೂರು ಬೆರಳು ಎಳೆದರು, ಮೀಟರಿಗೆ ಎಳೆದರು, ಗಾಜಿನ ಹತ್ತಿರ ಕೈ ತಂದರು.

"ಗಾಜಿಗೆ ಬ್ಯಾಡಿ ಸಾರ್. ಅದರ ಮೈ ತರಿ ಐತೆ. ಬೂದಿ ಒಳಗೆ ಕೂತ್ರೆ ಬರಾಕಿಲ್ಲ."

"ಎಲ್ಲಕ್ಕೂ ಇಟ್ಟು ಇದೊಂದಕ್ಕೆ ಬಿಡೋದಾ? ಇದೇ ಕಣಮ್ಮ ನನ್ನ ಅನ್ನ" ಅಂತ ಎಳೆದೇಬಿಟ್ಟರು.

ಅದನ್ನು ತಪ್ಪು ಅನ್ನುವುದಿಲ್ಲ. ನಮ್ಮ ಕಡೆ ಕೆಲಸದ ಸಾಮಾನಿಗೆ ವಿಭೂತಿ ಇಡದೆ ಆ ಹಬ್ಬ ಮಾಡುವವರಿಲ್ಲ. ಅಪ್ಪನೂ ಉಳಿಗೆ ಇಡುತ್ತಿದ್ದ. ಉಳಿ ಕಬ್ಬಿಣ, ತೊಳೆದರೆ ಹೋಗುತ್ತದೆ. ಗಾಜಿನದು ಹೋಗಲಿಲ್ಲ. ಪ್ರೊಫೆಸರ್ ಬರುವ ಬೆಳಗ್ಗೆ ಮೇಷ್ಟ್ರು ಟವೆಲಿನ ಒದ್ದೆ ತುದಿಯಿಂದ ಒರೆಸಿ, ಸರಿಯಾಯಿತು ಅಂತ ಮೋಟಾರಿಗೆ ಸಿಕ್ಕಿಸಿದರು. ನಾನು ಅಲ್ಲೇ ನಿಂತು ನೋಡಿದೆ.

ಪ್ರೊಫೆಸರ್ ವಯಸ್ಸಾದವರು, ಜೇಬಿನಲ್ಲಿ ಸಣ್ಣ ಸ್ಟೀಲ್ ಸ್ಕೇಲು ಇಟ್ಟುಕೊಂಡಿದ್ದರು. ಪ್ರಿನ್ಸಿಪಾಲರೂ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ಗಾಜು ತಿರುಗಿತು. ನಾನು ವರಾಂಡದ ತುದಿಯಲ್ಲಿ ಹಲಗೆ ಹಿಡಿದೆ. ಹಲಗೆಯ ನಡುವೆ ಬೆಳಕು ಅಳೆಯುವ ಕಣ್ಣೊಂದನ್ನು ಕೂರಿಸಿ, ತಂತಿ ಎಳೆದು, ಮೇಜಿನ ಮೀಟರಿಗೆ ಸೇರಿಸಿದ್ದರು. ಮೀಟರಿನ ಮುಳ್ಳು ಅಲ್ಲಾಡದೆ ನಿಲ್ಲಬೇಕು. ನಿಲ್ಲಲಿಲ್ಲ. ಕುಣಿಯಿತು. ಪುಸ್ತಕದಲ್ಲಿ ಬರೆದಿದ್ದ ಒಂದು ಲೆಕ್ಕವೂ ತಾಳೆಯಾಗಲಿಲ್ಲ.

"ಗಾಜು ಯಾರು ಮುಟ್ಟಿದ್ರಿ?" ಅಂದರು ಪ್ರೊಫೆಸರ್.

ಮೇಷ್ಟ್ರು ನನ್ನ ಕಡೆ ಕೈ ತೋರಿಸಿದರು. ಒಂದು ಗಳಿಗೆಯೂ ತಡ ಮಾಡಲಿಲ್ಲ. "ಇವಳೇ ಸಾರ್. ಹಬ್ಬ ಅಂತ ತಿಕ್ಕಿ ತೊಳೆದುಬಿಟ್ಟಿದಾಳೆ. ಎಷ್ಟು ಹೇಳಿದ್ರೂ ಈ ಜನಕ್ಕೆ ಬುದ್ಧಿ ಬರಲ್ಲ."

ನಾನು ಹಲಗೆ ಹಿಡಿದೇ ನಿಂತಿದ್ದೆ. ಅವರ ಹಣೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

ಸಂಜೆ ನಾಲ್ಕಕ್ಕೆ ಪ್ರಿನ್ಸಿಪಾಲರು ಕರೆಸಿ, ನನ್ನ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಬರೆದರು. ಅಜಾಗರೂಕಳು. ಅಷ್ಟು ಉದ್ದದ ಪದ ಓದಲು ನನಗೆ ಹೊತ್ತು ಹಿಡಿಯಿತು. ತಿಂಗಳ ಮೊದಲ ತಾರೀಖಿನಿಂದ ಬರುವುದು ಬೇಡ ಅಂದರು. ಮೇಷ್ಟ್ರು ಪಕ್ಕದಲ್ಲೇ ಇದ್ದರು, ಕ್ಯಾಲೆಂಡರು ನೋಡುತ್ತ. ಹೊರಗೆ ಬಂದ ಮೇಲೆ ಹಿಂದೆಯೇ ಬಂದರು.

"ಪ್ರೊಫೆಸರು ನಾಳೆ ಮಧ್ಯಾಹ್ನದವರೆಗೂ ಇರ್ತಾರೆ. ಇನ್ನೊಂದು ಸಲ ನೋಡ್ತೀನಿ ಅಂದವ್ರೆ. ನಿನ್ನ ಮನೇಲಿ ಜೋಡಿ ಗಾಜು ಐತಲ್ಲ, ಬೆಳಗ್ಗೇನೇ ತಂದುಬಿಡು."

"ನನ್ನ ಕೆಲ್ಸ ಹೋಯ್ತು ಸಾರ್."

"ಅದು ಆಮೇಲೆ ನೋಡೋಣ ಕಣಮ್ಮ. ಮೊದ್ಲು ಗಾಜು." ಚೀಲಕ್ಕೆ ಕೈ ಹಾಕಿ ಒಂದು ಕಾಯಿ ತೆಗೆದರು. ಅಲ್ಲಾಡಿಸಿ ನೋಡಿ, ಕೊಟ್ಟರು.

ಗುಡಿಸುವ ನೆಪದಲ್ಲಿ ಲ್ಯಾಬಿಗೆ ಹೋಗಿ ಮೋಟಾರಿನಲ್ಲಿದ್ದ ಗಾಜನ್ನು ಬಿಡಿಸಿ ಕಿಟಕಿಗೆ ಹಿಡಿದೆ. ಎದುರಿನಿಂದ ನೋಡಿದರೆ ಏನೂ ಇಲ್ಲ. ಓರೆ ಮಾಡಿದರೆ, ಒಂದು ಪಕ್ಕದಲ್ಲಿ, ಮಸುಕಾಗಿ ಮೂರು ಪಟ್ಟೆ. ತಿರುಗಿ ಮೋಟಾರಿಗೇ ಸಿಕ್ಕಿಸಿ ಬಂದೆ.

ಆ ಕಾಲೇಜು ಬಿಟ್ಟ ಮೇಲೆ ಒಂದೇ ಸಲ ಅವರನ್ನು ಕಂಡದ್ದು, ಹನ್ನೊಂದು ವರ್ಷ ಕಳೆದು, ಅರಸೀಕೆರೆ ಸ್ಟೇಷನ್ನಿನಲ್ಲಿ. ನನ್ನನ್ನು ನೋಡಿ ಟೀ ಅಂಗಡಿಯ ಕಡೆ ತಿರುಗಿಕೊಂಡರು. ನಾನು ಸುತ್ತಿಬಂದು ಎದುರಿಗೇ ನಿಂತೆ.

"ಚೆನ್ನಾಗಿದ್ದೀಯಾ?" ಅಂದರು.

"ಕೂಲಿ ಮಾಡ್ಕಂಡು ಇದ್ದೀನಿ. ನೀವು?"

"ಸುಳ್ಳು ಹೇಳೋನ ಅಳತೆ ನಂಬಲ್ಲ ಅಂದ್ರು ಪ್ರೊಫೆಸರು, ಪುಸ್ತಕಕ್ಕೆ ಸಹಿ ಹಾಕ್ಲಿಲ್ಲ. ನೀನು ಅವತ್ತು ಒಂದರ್ಧ ಗಂಟೆ ಸುಮ್ನಿದ್ದಿದ್ರೆ ನನ್ನ ಬದುಕೇ ಬ್ಯಾರೆ ಆಗೋದು."

"ನೀವು ಹಿಂದಿನ ದಿನ ಒಂದು ಮಾತು ಆಡಿದ್ದಿದ್ರೆ ನಂದೂ ಆಗೋದು ಸಾರ್."

ರೈಲು ಬಂತು. ಹತ್ತಿದರು. ಅವರ ಕೂದಲು ಬೆಳ್ಳಗಾಗಿತ್ತು, ಹಣೆಯ ವಿಭೂತಿಗೂ ಕೂದಲಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಅಯ್ಯೋ ಅನ್ನಿಸಲಿಲ್ಲ. ಮನೆಗೆ ಹೋಗಿ ಎರಡು ಮುದ್ದೆ ಉಂಡೆ. ಅವರು ಸತ್ತ ಸುದ್ದಿ ಬಂದ ದಿನವೂ ಉಂಡೆ.

ಅವತ್ತು, ಕಾಗದದ ಮೇಲೆ ಕೆಂಪು ಶಾಯಿ ಬಿದ್ದ ಮಾರನೇ ಬೆಳಗ್ಗೆ, ಮೊದಲ ಬಸ್ಸಿಗೆ ಬೇಲೂರಿಗೆ ಹೋದೆ. ಜೋಡಿ ಗಾಜನ್ನು ಮೇಷ್ಟ್ರ ಕೈಗೇ ಕೊಟ್ಟೆ. ಹಳೆಯದನ್ನು ತೆಗೆದು ಮೇಜಿನ ಮೇಲಿಟ್ಟು ಇದನ್ನು ಸಿಕ್ಕಿಸಿದರು. ಪ್ರಿನ್ಸಿಪಾಲರೂ ಬಂದು ಹಿಂದಿನ ದಿನದ ಕುರ್ಚಿಯಲ್ಲೇ ಕೂತರು. ನಾನು ಹಲಗೆ ಹಿಡಿದು ನಲವತ್ತು ಹೆಜ್ಜೆ ಹಿಂದಕ್ಕೆ ಹೋದೆ. ಬೆಳಕು ಹಲಗೆಯ ಮೇಲೆ ಅಂಬಲಿಯ ಹಾಗೆ ನುಣ್ಣಗೆ ಹರಡಿತು. ಮೇಜಿನ ಹತ್ತಿರ ಪ್ರೊಫೆಸರು "ನಿಂತಿತು ಕಣ್ರೀ ಮುಳ್ಳು, ಭೇಷ್!" ಅಂದದ್ದು ಕೇಳಿಸಿತು. ಪುಸ್ತಕ ತೆಗೆದು ಒಂದೊಂದೇ ಲೆಕ್ಕ ತಾಳೆ ನೋಡಿದರು. ಎಲ್ಲವೂ ಕೂಡಿತು. ಮೇಷ್ಟ್ರು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು ನಕ್ಕರು. ಅವರು ಪೂರ್ತಿ ನಗುವ ತನಕ ಕಾದೆ.

ಆಮೇಲೆ ಹಲಗೆ ಗೋಡೆಗೆ ಒರಗಿಸಿ ಮೇಜಿನ ಹತ್ತಿರ ಬಂದೆ.

"ಇನ್ನೊಂದು ಅಳತೆ ಐತೆ ಸಾರ್" ಅಂದೆ ಪ್ರೊಫೆಸರಿಗೆ.

"ಏಯ್, ಮುಟ್ಬೇಡ!" ಅಂದರು ಮೇಷ್ಟ್ರು.

"ಇರ್ರೀ, ಏನ್ಮಾಡ್ತಾಳೆ ನೋಡೋಣ" ಅಂದರು ಪ್ರೊಫೆಸರ್.

ಹೊಸ ಗಾಜನ್ನು ಬಿಡಿಸಿದೆ. ಮೇಷ್ಟ್ರ ಡ್ರಾಯರಿನಿಂದ ವಿಭೂತಿ ಗಟ್ಟಿ ತೆಗೆದು, ಬೆರಳು ಒದ್ದೆ ಮಾಡಿ, ಗಾಜಿನ ಪಕ್ಕಕ್ಕೆ ಮೂರು ಪಟ್ಟೆ ಎಳೆದೆ. ಫ್ಯಾನಿನ ಕೆಳಗೆ ಹಿಡಿದು ಒಣಗಿಸಿದೆ. ಅವರ ಹೆಗಲ ಮೇಲಿನ ಟವೆಲು ಎಳೆದು, ತುದಿ ನೆನೆಸಿ, ಅವರು ಒರೆಸಿದ ಹಾಗೆಯೇ ಒರೆಸಿದೆ. ತಿರುಗಿ ಸಿಕ್ಕಿಸಿ, ವರಾಂಡದ ತುದಿಗೆ ಹೋಗಿ ಹಲಗೆ ಹಿಡಿದು ನಿಂತು, "ಬಿಡಿ ಸಾರ್" ಅಂದೆ.

ಪ್ರೊಫೆಸರೇ ಗುಂಡಿ ಒತ್ತಿದರು. ಎಲ್ಲರೂ ಮೀಟರಿನ ಮೇಲೆ ಬಗ್ಗಿದರು. ಒಂದು, ಎರಡು, ಮೂರು ಅಂತ ಪ್ರೊಫೆಸರು ಎಣಿಸುವುದು ಕೇಳಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದು, ಎರಡು, ಮೂರು. ಗಾಜು ಒಂದು ಸುತ್ತು ಬಂದರೆ ಮುಳ್ಳು ಮೂರು ಸಲ ಬಿದ್ದೇಳುತ್ತಿತ್ತು.

"ನಿನ್ನೆ ಕುಣಿದಿದ್ದೂ ಹೀಗೇ" ಅಂದರು ನಿಧಾನಕ್ಕೆ.

"ನಿನ್ನೆ ಗಾಜಿಗೂ ಇವಳೇ ಎಳೆದಿರಬೇಕು ಸಾರ್" ಅಂದರು ಪ್ರಿನ್ಸಿಪಾಲರು. ಮೇಷ್ಟ್ರು ಮುಳ್ಳು ನೋಡುತ್ತ ನಿಂತರು.

ನಾನು ವರಾಂಡ ದಾಟಿ ಬಂದು ಕಿಟಕಿಯ ಗೋಣಿತಾಟು ಕಿತ್ತೆ. ಬಿಸಿಲು ಒಳಗೆ ಬಿತ್ತು. ಮೇಜಿನ ಮೇಲಿದ್ದ ಹಳೇ ಗಾಜನ್ನು ಎತ್ತಿ, ಮೇಷ್ಟ್ರ ಹಣೆಯ ಪಕ್ಕದಲ್ಲಿ ಓರೆಯಾಗಿ ಹಿಡಿದೆ. ಗಾಜಿನಲ್ಲಿ ಮೂರು ಪಟ್ಟೆ, ಹಣೆಯಲ್ಲಿ ಮೂರು ಪಟ್ಟೆ. ಇನ್ನೊಂದು ಕೈಯ ನನ್ನ ಸಣಕಲು ಬೆರಳುಗಳನ್ನೂ ಪಕ್ಕದಲ್ಲೇ ಚಾಚಿದೆ.

"ಅಂದಾಜು ಹೇಳ್ಬ್ಯಾಡಿ ಸಾರ್" ಅಂದೆ. "ಅಳತೆ ಮಾಡಿ."

ಪ್ರೊಫೆಸರ್ ಜೇಬಿನಿಂದ ಸ್ಕೇಲು ತೆಗೆದರು.